ಅಳಲೆಕಾಯಿ ಪಂಡಿತರ ಪತ್ರಿಕೆ ವ್ಯಾಪಾರ

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ, ಯಾರು ಬೇಕಾದರೂ ಪುಕ್ಕಟೆಯಾಗಿ ನೋಡಲಿ ಎಂದು ಇಂಟರ್‌ನೆಟ್‌ನಲ್ಲಿ ಇಟ್ಟಿದೆ. ಬಿಡುವಿದ್ದಾಗ 1900ರಿಂದ 1910ರ ನಡುವಿನ ಯಾವುದಾದರೂ ಊರಿನ ಒಂದು ಸಂಚಿಕೆ ತೆರೆದು ನೋಡಿ. ಸುದ್ದಿ ಓದಲು ಹೋದವರು ಜಾಹೀರಾತಿನಲ್ಲೇ ಸಿಕ್ಕಿಕೊಳ್ಳುತ್ತೀರಿ. ಒಂದು ಕಡೆ ಬಟ್ಟೆ ಅಂಗಡಿಯ ರಿಯಾಯಿತಿ ಮಾರಾಟ. ಅದರ ಪಕ್ಕದಲ್ಲೇ ಬೆನ್ನುನೋವು, ನರದೌರ್ಬಲ್ಯ, ಬಕ್ಕತಲೆ, ಮಲಬದ್ಧತೆ, ಕ್ಷಯ, ಕ್ಯಾನ್ಸರ್. ಎಲ್ಲಕ್ಕೂ ಒಂದೊಂದು ಬಾಟಲಿ. ಕೆಲವೊಮ್ಮೆ ಎಲ್ಲಕ್ಕೂ ಒಂದೇ ಬಾಟಲಿ.

ನೋಡಿದ ಕೂಡಲೇ ನಗು ಬರುತ್ತದೆ. ನಮ್ಮ ಬಸ್ ಸ್ಟ್ಯಾಂಡ್ ಗೋಡೆಗಳು, ಹಳೆಯ ಪಂಚಾಂಗದ ಕೊನೆಯ ಪುಟಗಳು ನೆನಪಾಗುತ್ತವೆ. ಆಗಿನ ಜನ ಎಷ್ಟು ಸುಲಭವಾಗಿ ಮೋಸ ಹೋಗುತ್ತಿದ್ದರು ಅಂತ ಅನ್ನಿಸುತ್ತದೆ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಸ್ವಲ್ಪ ಹೊತ್ತು ಕೂತು ಲೆಕ್ಕ ಹಾಕಿದರೆ ಬೇರೆಯೇ ಚಿತ್ರ ಕಾಣುತ್ತದೆ. ಈ ಔಷಧಿ ಕಂಪನಿಗಳು ಮಾರುತ್ತಿದ್ದುದು ನಿಜವಾಗಿ ಔಷಧಿಯನ್ನಲ್ಲ, ಜಾಹೀರಾತನ್ನು. ಬಾಟಲಿ ಅದಕ್ಕೊಂದು ನೆಪ. ಈ ವ್ಯಾಪಾರದಲ್ಲಿ ಮೋಸ ಮಾಡುವವನು, ಮೋಸ ಹೋಗುವವನು ಇಬ್ಬರೇ ಇರಲಿಲ್ಲ. ಮೂರನೆಯವನೊಬ್ಬನಿದ್ದ. ಅದು ಪತ್ರಿಕೆ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಇವುಗಳನ್ನು ಪೇಟೆಂಟ್ ಔಷಧಿ ಎಂದು ಕರೆಯುತ್ತಿದ್ದರು. ಆದರೆ ಹೆಚ್ಚಿನವಕ್ಕೆ ಪೇಟೆಂಟೇ ಇರಲಿಲ್ಲ. ಇಂಗ್ಲೆಂಡಿನಲ್ಲಿ ಹಿಂದೆ ರಾಜನ ಕಡೆಯಿಂದ ಅಧಿಕಾರಪತ್ರ ಪಡೆದ ಔಷಧಿಗಳಿಗೆ ಈ ಹೆಸರು ಬಂತು, ಆಮೇಲೆ ಎಲ್ಲಕ್ಕೂ ಅಂಟಿಕೊಂಡಿತು. ನಿಜವಾದ ಪೇಟೆಂಟ್ ಬೇಕೆಂದರೆ ಒಳಗೆ ಏನೇನು ಹಾಕಿದ್ದೀರಿ ಎಂದು ಸರ್ಕಾರಕ್ಕೆ ಬರೆದು ಕೊಡಬೇಕು. ಬರೆದು ಕೊಟ್ಟರೆ ಗುಟ್ಟು ರಟ್ಟಾಗುತ್ತದೆ. ಗುಟ್ಟು ರಟ್ಟಾದರೆ ವ್ಯಾಪಾರ ಮುಗಿಯಿತು. ಹಾಗಾಗಿ ಕಂಪನಿಗಳು ಪೇಟೆಂಟಿನ ತಂಟೆಗೆ ಹೋಗದೆ ಹೆಸರು, ಲೇಬಲ್, ಬಾಟಲಿಯ ಆಕಾರ ಇವನ್ನು ಮಾತ್ರ ಟ್ರೇಡ್‌ಮಾರ್ಕ್ ಮಾಡಿಸಿಕೊಂಡವು. ಒಳಗಿರುವುದು ಗುಟ್ಟು, ಹೊರಗಿರುವುದು ಆಸ್ತಿ. ಕಂಪನಿ ಕೈ ಬದಲಾಗುವಾಗ ಬೆಲೆ ಕಟ್ಟುತ್ತಿದ್ದುದೂ ಆ ಹೆಸರಿಗೇ.

ಜನ ಯಾಕೆ ಕೊಳ್ಳುತ್ತಿದ್ದರು? ಆಗಿನ ವೈದ್ಯರ ಸ್ಥಿತಿ ನೋಡಿದರೆ ಅರ್ಥವಾಗುತ್ತದೆ. ಹತ್ತೊಂಬತ್ತನೇ ಶತಮಾನದ ಬಹುಭಾಗ ಅಮೆರಿಕದ ಡಾಕ್ಟರುಗಳು ರಕ್ತ ತೆಗೆಯುತ್ತಿದ್ದರು, ಭೇದಿ ಮಾಡಿಸಲು ಪಾದರಸದ ಉಪ್ಪು ಕೊಡುತ್ತಿದ್ದರು. ಅದನ್ನು ತಿಂದವರ ಹಲ್ಲು ಅಲ್ಲಾಡುತ್ತಿದ್ದವು. ರೋಗಾಣುಗಳ ತಿಳಿವಳಿಕೆ ಬಂದಿತ್ತು, ಆದರೆ ಅವನ್ನು ಕೊಲ್ಲುವ ಗುಳಿಗೆ ಬಂದಿರಲಿಲ್ಲ. ಪೆನಿಸಿಲಿನ್ ಜನರ ಕೈಗೆ ಸಿಗಲು ಇನ್ನೂ 40 ವರ್ಷ ಬೇಕಿತ್ತು. ಹಳ್ಳಿಗೆ ಡಾಕ್ಟರು ಬರಬೇಕೆಂದರೆ ಗಾಡಿ ಕಳಿಸಬೇಕು, ಫೀಸು ಕೊಡಬೇಕು. ಹೆಂಗಸರಿಗೆ ಇನ್ನೊಂದು ಕಷ್ಟ. ಮುಟ್ಟಿನ ನೋವು, ಹೆರಿಗೆಯ ನಂತರದ ತೊಂದರೆ ಇವನ್ನೆಲ್ಲ ಪರಪುರುಷನ ಮುಂದೆ ಹೇಳಿಕೊಳ್ಳುವುದು ಹೇಗೆ? ಒಂದು ಡಾಲರಿನ ಬಾಟಲಿ ಯಾವ ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ.

ಇದರ ಜೊತೆಗೆ ದೇಹದ ಸ್ವಭಾವವೇ ಕಂಪನಿಗಳಿಗೆ ನೆರವಾಗುತ್ತಿತ್ತು. ನೆಗಡಿ ಔಷಧಿ ತಗೊಂಡರೆ ಒಂದು ವಾರಕ್ಕೆ, ತಗೊಳ್ಳದಿದ್ದರೆ ಏಳು ದಿನಕ್ಕೆ ಹೋಗುತ್ತದೆ ಅಂತಾರಲ್ಲ, ಹಾಗೆ. ಬೆನ್ನುನೋವು ಬರುತ್ತದೆ, ಹೋಗುತ್ತದೆ. ಹೋಗುವ ಹೊತ್ತಿಗೆ ಮೇಜಿನ ಮೇಲೆ ಯಾವ ಬಾಟಲಿ ಇತ್ತೋ ಅದಕ್ಕೆ ಹೆಸರು ಬರುತ್ತಿತ್ತು. ಸತ್ತವರು ಹೇಗೂ ದೂರು ಬರೆಯುವುದಿಲ್ಲ.

ಹಾಗಾದರೆ ಬಾಟಲಿಯಲ್ಲಿ ಏನಿತ್ತು? ಮೂರು ಉದಾಹರಣೆ ನೋಡೋಣ.

ಮಸಾಚುಸೆಟ್ಸ್‌ನ ಲಿನ್ ಪಟ್ಟಣದ ಲಿಡಿಯಾ ಪಿಂಕಮ್ ಮನೆಯ ಒಲೆಯ ಮೇಲೆ ಬೇರು, ಬೀಜ ಕುದಿಸಿ ಅಕ್ಕಪಕ್ಕದ ಹೆಂಗಸರಿಗೆ ಕಷಾಯ ಕೊಡುತ್ತಿದ್ದವರು. ಆ ಬೀಜಗಳಲ್ಲಿ ನಮ್ಮ ಮೆಂತ್ಯವೂ ಒಂದು. ಗಂಡನ ವ್ಯಾಪಾರ ಮುಳುಗಿದಾಗ, 1875ರಲ್ಲಿ, ಅದನ್ನೇ ಮಾರಲು ಶುರುಮಾಡಿದರು. ಕಷಾಯ ಕೆಡದಿರಲಿ ಎಂದು ಹಾಕುತ್ತಿದ್ದ ಆಲ್ಕೋಹಾಲ್ ಶೇಕಡ 18ರಷ್ಟು. ಸಾಮಾನ್ಯ ವೈನ್‌ನಲ್ಲಿ ಇರುವುದು ಶೇಕಡ 12ರ ಆಸುಪಾಸು ಎಂಬುದನ್ನು ನೆನಪಿಟ್ಟುಕೊಳ್ಳಿ. ತಮಾಷೆ ಎಂದರೆ ಆ ಕುಟುಂಬ ಮದ್ಯಪಾನ ವಿರೋಧಿ ಚಳವಳಿಯ ಪರವಾಗಿತ್ತು. ಕೊಳ್ಳುವವರಲ್ಲೂ ಜೀವಮಾನದಲ್ಲಿ ಹೆಂಡ ಮುಟ್ಟದ ಹೆಂಗಸರು ಬಹಳ ಮಂದಿ ಇದ್ದರು.

ಎರಡನೆಯದು ಪೆರೂನಾ. ಒಹಾಯೋದ ಕೊಲಂಬಸ್‌ನ ಡಾಕ್ಟರ್ ಸ್ಯಾಮ್ಯುಯೆಲ್ ಹಾರ್ಟ್‌ಮನ್ ಅದರ ಒಡೆಯ. ಇದರಲ್ಲಿ ಆಲ್ಕೋಹಾಲ್ ಶೇಕಡ 28. ಹಾರ್ಟ್‌ಮನ್‌ನ ಜಾಣತನ ಇದ್ದುದು ಔಷಧಿಯಲ್ಲಿ ಅಲ್ಲ, ರೋಗದಲ್ಲಿ. ಮೂಗಿನ ಒಳಪೊರೆ ಊದಿ ಸಿಂಬಳ ಸುರಿಯುವುದಕ್ಕೆ ಇಂಗ್ಲಿಷಿನಲ್ಲಿ ಕಟಾರ್ ಎನ್ನುತ್ತಾರೆ. ಒಳಪೊರೆ ಮೂಗಿನಲ್ಲಿ ಮಾತ್ರ ಇದೆಯೇ? ಹೊಟ್ಟೆಯಲ್ಲೂ ಇದೆ, ಶ್ವಾಸಕೋಶದಲ್ಲೂ ಇದೆ, ಕರುಳಿನಲ್ಲೂ ಇದೆ. ಹಾಗಾಗಿ ಅಜೀರ್ಣ ಎಂದರೆ ಹೊಟ್ಟೆಯ ಕಟಾರ್, ಕ್ಷಯ ಎಂದರೆ ಶ್ವಾಸಕೋಶದ ಕಟಾರ್ ಎಂದು ಹೇಳಿಬಿಟ್ಟ. ರೋಗಗಳೆಲ್ಲ ಒಂದೇ ಆದ ಮೇಲೆ ಔಷಧಿಯೂ ಒಂದೇ ಸಾಕಲ್ವಾ? ಜನ ಇದನ್ನು ಕುಡಿದು ಅಮಲೇರಿಸಿಕೊಳ್ಳುತ್ತಿದ್ದಾರೆ ಎಂದು 1905ರಲ್ಲಿ ಸರ್ಕಾರವೇ ಅಮೆರಿಕದ ಮೂಲನಿವಾಸಿಗಳಿಗೆ ಮಾರುವುದನ್ನು ನಿಷೇಧಿಸಿತು. ಮದ್ಯದ ಲೈಸೆನ್ಸ್ ಪಡೆಯಿರಿ, ಇಲ್ಲವೇ ನಿಜವಾದ ಔಷಧಿ ಏನಾದರೂ ಸೇರಿಸಿ ಎಂದು ತೆರಿಗೆ ಇಲಾಖೆ ಹೇಳಿದಾಗ ಕಂಪನಿ ಭೇದಿಯ ಮೂಲಿಕೆ ಸೇರಿಸಿತು. ಅಮಲಿಗೆಂದು ಕುಡಿಯುತ್ತಿದ್ದವರ ಗತಿ ಊಹಿಸಿಕೊಳ್ಳಿ.

ಮೂರನೆಯದಕ್ಕೆ ನಗು ಬರುವುದಿಲ್ಲ. ಮಿಸೆಸ್ ವಿನ್‌ಸ್ಲೋಸ್ ಸೂದಿಂಗ್ ಸಿರಪ್ ಎಂಬುದು ಹಲ್ಲು ಬರುವ ಕೂಸುಗಳಿಗೆ. ಅಳುವ ಮಗು ಸುಮ್ಮನಾಗುತ್ತದೆ ಎಂಬ ಭರವಸೆ. ಸುಮ್ಮನಾಗುತ್ತಿದ್ದುದೂ ನಿಜ. ಒಂದು ಔನ್ಸ್, ಅಂದರೆ ಸುಮಾರು 30 ಮಿಲಿಲೀಟರ್ ಸಿರಪ್‌ನಲ್ಲಿ 65 ಮಿಲಿಗ್ರಾಂ ಮಾರ್ಫಿನ್ ಇತ್ತು. ಜಾಹೀರಾತಿನ ಚಿತ್ರದಲ್ಲಿ ನಗುವ ತಾಯಿ, ಮಡಿಲಲ್ಲಿ ದುಂಡನೆಯ ಮಗು. ಎಷ್ಟೋ ಕೂಸುಗಳು ಮಲಗಿದವು ಏಳಲೇ ಇಲ್ಲ. ಅಮೆರಿಕದ ವೈದ್ಯರ ಸಂಘ ಇಂಥವನ್ನು ಮುಂದೆ ಮಕ್ಕಳನ್ನು ಕೊಲ್ಲುವ ಔಷಧಿಗಳ ಪಟ್ಟಿಗೇ ಸೇರಿಸಿತು.

ಈಗ ಲೆಕ್ಕಕ್ಕೆ ಬರೋಣ. ಇದಕ್ಕೆ ಇಂಗ್ಲೆಂಡಿನ ಬೀಚಮ್ಸ್ ಮಾತ್ರೆಯ ಹಾಗೆ ಬೇರೆ ಉದಾಹರಣೆ ಸಿಗಲಿಕ್ಕಿಲ್ಲ. ಬ್ರಿಟಿಷ್ ವೈದ್ಯರ ಸಂಘ ಈ ಗುಟ್ಟಿನ ಔಷಧಿಗಳನ್ನೆಲ್ಲ ತರಿಸಿ, ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, 1909ರಲ್ಲಿ 'ಸೀಕ್ರೆಟ್ ರೆಮಿಡೀಸ್' ಎಂಬ ಪುಸ್ತಕ ತಂದಿತು. ಬೀಚಮ್ಸ್ ಮಾತ್ರೆಯಲ್ಲಿ ಸಿಕ್ಕಿದ್ದು ಭೇದಿ ಮಾಡಿಸುವ ಮೂಸಂಬರ, ಅಂದರೆ ಲೋಳೆಸರದ ಒಣಗಿಸಿದ ರಸ, ಶುಂಠಿ ಮತ್ತು ಸಾಬೂನು. ಒಂದು ಡಬ್ಬಿಯಲ್ಲಿ 56 ಮಾತ್ರೆ, ಬೆಲೆ 1 ಶಿಲ್ಲಿಂಗ್ ಒಂದೂವರೆ ಪೆನ್ನಿ. ಆ 56 ಮಾತ್ರೆಗೆ ಹಾಕಿದ ಸಾಮಾನಿನ ಬೆಲೆ ಅರ್ಧ ಫಾರ್ದಿಂಗ್. ನಾಲ್ಕು ಫಾರ್ದಿಂಗಿಗೆ ಒಂದು ಪೆನ್ನಿ, ಹನ್ನೆರಡು ಪೆನ್ನಿಗೆ ಒಂದು ಶಿಲ್ಲಿಂಗ್. ಕೂಡಿಸಿ ನೋಡಿದರೆ ಗಿರಾಕಿ ಕೊಟ್ಟ ಹಣದ 108 ಭಾಗದಲ್ಲಿ ಒಂದು ಭಾಗ ಮಾತ್ರ ಔಷಧಿಗೆ ಹೋಗುತ್ತಿತ್ತು. ಅಷ್ಟೋತ್ತರದಲ್ಲಿ ಒಂದೇ ನಾಮ ಔಷಧಿಯದು. ಉಳಿದ 107 ಡಬ್ಬಿಗೆ, ತೆರಿಗೆಗೆ, ಅಂಗಡಿಯವನಿಗೆ, ಒಡೆಯನ ಲಾಭಕ್ಕೆ, ಎಲ್ಲಕ್ಕಿಂತ ಮುಖ್ಯವಾಗಿ ಜಾಹೀರಾತಿಗೆ. ಆ ಲಾಭದಲ್ಲೇ ಬೆಳೆದ ಮನೆಯ ಮೊಮ್ಮಗ ಸರ್ ಥಾಮಸ್ ಬೀಚಮ್ ಮುಂದೆ ದೊಡ್ಡ ಆರ್ಕೆಸ್ಟ್ರಾ ಕಂಡಕ್ಟರ್ ಆದ. ಲಂಡನ್ನಿನ ಜನ ಕೇಳಿದ ಎಷ್ಟೋ ಒಳ್ಳೆಯ ಸಂಗೀತಕ್ಕೆ ಭೇದಿ ಮಾತ್ರೆಯ ದುಡ್ಡಿತ್ತು.

ಆ ಒಂದೂವರೆ ಪೆನ್ನಿಗೂ ಒಂದು ಕಥೆ ಇದೆ. ಇಂಗ್ಲೆಂಡಿನಲ್ಲಿ 1783ರಿಂದ ಇಂಥ ಔಷಧಿಗಳಿಗೆ ಸ್ಟ್ಯಾಂಪ್ ತೆರಿಗೆ ಇತ್ತು. 1 ಶಿಲ್ಲಿಂಗಿನ ಡಬ್ಬಿಗೆ ಒಂದೂವರೆ ಪೆನ್ನಿ. ತೆರಿಗೆ ಕಟ್ಟಿದ್ದಕ್ಕೆ ಗುರುತಾಗಿ ಡಬ್ಬಿಯ ಮೇಲೆ ಸರ್ಕಾರದ ಚೀಟಿ. ಜನರಿಗೆ ಇದು ತೆರಿಗೆ ಚೀಟಿ ಎಂದು ಗೊತ್ತಾಗುತ್ತಿರಲಿಲ್ಲ. ಸರ್ಕಾರವೇ ಪರೀಕ್ಷೆ ಮಾಡಿ ಮುದ್ರೆ ಒತ್ತಿದೆ ಎಂದುಕೊಳ್ಳುತ್ತಿದ್ದರು. ಕಂಪನಿಗಳೂ ಹಾಗಲ್ಲ ಎಂದು ಬಾಯಿ ಬಿಟ್ಟು ಹೇಳಲಿಲ್ಲ. ಖಜಾನೆಗೂ ದುಡ್ಡು ಬರುತ್ತಿತ್ತು, ಅದೂ ಹೇಳಲಿಲ್ಲ.

ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸುವುದು ಜಾಹೀರಾತಿನ ಕಸುಬು. ಇಂದು ಫೋನಿನಲ್ಲಿ ನಾವು ನೋಡುವ ಎಷ್ಟೋ ತಂತ್ರಗಳು ಅಲ್ಲೇ ಪಳಗಿದವು.

ಮೊದಲನೆಯದು ವೇಷ. ಸುದ್ದಿಯ ಅಕ್ಷರದಲ್ಲೇ, ಸುದ್ದಿಯ ಅಂಕಣದಲ್ಲೇ ಜಾಹೀರಾತು. ಒಬ್ಬ ರೈತನ ಗಾಡಿ ಮಗುಚಿದ ಕಥೆ ಎಂದು ಶುರುವಾಗುತ್ತದೆ. ಕೊನೆಯ ಎರಡು ಸಾಲು ಬಂದಾಗಲೇ ಅವನ ಗಾಯಕ್ಕೆ ಹಚ್ಚಿದ ಮುಲಾಮಿನ ಹೆಸರು ಬಾಯಿಬಿಡುತ್ತದೆ. ಪತ್ರಿಕೆಗಳು ಮಾಮೂಲಿ ಜಾಹೀರಾತಿಗಿಂತ ಇದಕ್ಕೆ ಜಾಸ್ತಿ ದರ ತೆಗೆದುಕೊಳ್ಳುತ್ತಿದ್ದವು. ಓದುಗನ ನಂಬಿಕೆಯನ್ನೂ ಸೇರಿಸಿ ಮಾರುವಾಗ ಬೆಲೆ ಹೆಚ್ಚಲೇಬೇಕು. ದುಡ್ಡು ಪಡೆದು ಹಾಕುವ ಇಂಥ ಬರಹದ ಮೇಲೆ ಜಾಹೀರಾತು ಎಂದು ಬರೆಯಲೇಬೇಕು ಎಂಬ ಕಾನೂನು ಅಮೆರಿಕದಲ್ಲಿ ಬಂದದ್ದು 1912ರಲ್ಲಿ. ಪತ್ರಿಕೆಯವರು ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿ ಸೋತರು.

ಎರಡನೆಯದು ಪತ್ರ. ನೆರೆಮನೆಯ ಹೆಂಗಸಿನಂಥ ಒಬ್ಬಳು, ಅವಳ ಊರು, ಅವಳ ಫೋಟೊ, ನಾನು ಹಾಸಿಗೆ ಹಿಡಿದಿದ್ದೆ ಈಗ ಬಟ್ಟೆ ಒಗೆಯುತ್ತಿದ್ದೇನೆ ಎಂಬ ಮಾತು. ಕೆಲವು ಪತ್ರ ನಿಜವಾಗಿಯೂ ಬಂದವು, ಕೆಲವನ್ನು ದುಡ್ಡು ಕೊಟ್ಟು ಬರೆಸಿದವು. ಪೆರೂನಾಗೆ ಅಮೆರಿಕದ ಸಂಸತ್ ಸದಸ್ಯರೇ ಪ್ರಮಾಣಪತ್ರ ಕೊಟ್ಟಿದ್ದರು. ಇನ್ನೊಂದು ವಿಚಾರ ಕೇಳಿದರೆ ಮೈ ಉರಿಯುತ್ತದೆ. ರೋಗಿಗಳು ಗುಟ್ಟಾಗಿ ಇರಲಿ ಎಂದು ನಂಬಿ ಬರೆದ ಪತ್ರಗಳನ್ನು ಕಂಪನಿಗಳು ಕಟ್ಟು ಕಟ್ಟಿ ದಲ್ಲಾಳಿಗಳಿಗೆ ಮಾರುತ್ತಿದ್ದವು. ಇನ್ನೊಬ್ಬ ಪಂಡಿತ ಅದನ್ನು ಕೊಂಡು, ಅದೇ ವಿಳಾಸಗಳಿಗೆ ತನ್ನ ಔಷಧಿಯ ಕರಪತ್ರ ಕಳಿಸುತ್ತಿದ್ದ. ನಮ್ಮ ಮೊಬೈಲ್ ನಂಬರ್ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ನಾವು ಇವತ್ತು ತಲೆ ಕೆರೆದುಕೊಳ್ಳುವುದು ಹೊಸ ಸಮಸ್ಯೆಯೇನಲ್ಲ.

ಪಿಂಕಮ್ ಜಾಹೀರಾತುಗಳು ಈ ಪತ್ರದ ಆಟದಲ್ಲಿ ಬಹಳ ಮುಂದೆ ಹೋದವು. 1879ರಿಂದ ಆ ಮಹಿಳೆಯ ಮುಖವೇ ಟ್ರೇಡ್‌ಮಾರ್ಕ್. ಅಮೆರಿಕದ ಎಷ್ಟೋ ಅಚ್ಚುಕೂಟಗಳಿಗೆ ಆ ಮುಖದ ಅಚ್ಚಿನ ಬ್ಲಾಕ್ ತಲುಪಿತ್ತು. ಬೇರೆ ಹೆಂಗಸಿನ ಚಿತ್ರ ಇಲ್ಲದ ಸಣ್ಣ ಪತ್ರಿಕೆಗಳು ವಿಕ್ಟೋರಿಯಾ ರಾಣಿಯ ಸುದ್ದಿಗೂ ಅದನ್ನೇ ಹಾಕುತ್ತಿದ್ದವು ಎಂಬ ಕಥೆ ಇದೆ. ನಿಮ್ಮ ಕಷ್ಟವನ್ನು ಶ್ರೀಮತಿ ಪಿಂಕಮ್‌ಗೆ ಬರೆಯಿರಿ, ಹೆಂಗಸಿನ ನೋವು ಹೆಂಗಸಿಗೇ ಗೊತ್ತು ಎಂದು ಜಾಹೀರಾತು ಹೇಳುತ್ತಿತ್ತು. ಸಾವಿರಾರು ಮಂದಿ ಬರೆದರು, ಉತ್ತರವೂ ಬಂತು. 1905ರಲ್ಲಿ 'ಲೇಡೀಸ್ ಹೋಮ್ ಜರ್ನಲ್' ಸಂಪಾದಕ ಎಡ್ವರ್ಡ್ ಬಾಕ್ ಒಂದು ಫೋಟೊ ಅಚ್ಚು ಹಾಕಿದ. ಲಿನ್ ಊರಿನ ಸ್ಮಶಾನದಲ್ಲಿರುವ ಲಿಡಿಯಾ ಪಿಂಕಮ್ ಅವರ ಗೋರಿಕಲ್ಲು. ಅವರು ತೀರಿಕೊಂಡು ಆಗ 22 ವರ್ಷವಾಗಿತ್ತು. ಪತ್ರಗಳಿಗೆ ಉತ್ತರ ಬರೆಯುತ್ತಿದ್ದವರು ಕಚೇರಿಯ ಗುಮಾಸ್ತರು. ಜಾಹೀರಾತಿನ ಶ್ರೀಮತಿ ಪಿಂಕಮ್ ಎಂದರೆ ಸೊಸೆ, ನಾವು ಸುಳ್ಳು ಹೇಳಿಲ್ಲ ಎಂಬುದು ಕಂಪನಿಯ ಸಮಜಾಯಿಷಿ. ವ್ಯಾಪಾರ ಅದರಿಂದ ನಿಲ್ಲಲಿಲ್ಲ.

ಮೂರನೆಯದು ಪುಕ್ಕಟೆ ಬಾಟಲಿ. ಷಿಕಾಗೋದ ಲಿಕ್ವೊಜೋನ್ ಎಂಬ ಔಷಧಿಗೆ ಕ್ಲಾಡ್ ಹಾಪ್ಕಿನ್ಸ್ ಎಂಬಾತ ಜಾಹೀರಾತು ಬರೆದ. ಪತ್ರಿಕೆಯಲ್ಲಿರುವ ಕೂಪನ್ ಕತ್ತರಿಸಿ ಕಳಿಸಿ, 50 ಸೆಂಟಿನ ಬಾಟಲಿ ನಮ್ಮ ಲೆಕ್ಕದಲ್ಲಿ. ಕೂಪನ್ ವಾಪಸ್ ಬಂದಾಗ ಯಾವ ಪತ್ರಿಕೆಯ ಜಾಹೀರಾತು ಕೆಲಸ ಮಾಡಿತು ಎಂದು ಕಂಪನಿಗೆ ಕರಾರುವಾಕ್ಕಾಗಿ ಗೊತ್ತಾಗುತ್ತಿತ್ತು. ಒಳಗಿದ್ದುದು ಶೇಕಡ 99 ನೀರು, ಉಳಿದದ್ದು ಗಂಧಕದ ಆಮ್ಲದ ಚೂರು. ಹಾಪ್ಕಿನ್ಸ್ ಮುಂದೆ ಪೆಪ್ಸೊಡೆಂಟ್ ಟೂತ್‌ಪೇಸ್ಟಿನ ಜಾಹೀರಾತು ಬರೆದು ಆ ಕಾಲದ ಬಹು ದೊಡ್ಡ ಹೆಸರಾದ. ಅವನ ಶಾಲೆ ಇದು.

ಟೊಲಿಡೊದ ಹಾಲ್ಸ್ ಕಟಾರ್ ಕ್ಯೂರ್ ಇನ್ನೂ ಧೈರ್ಯದ್ದು. ವಾಸಿಯಾಗದಿದ್ದರೆ 100 ಡಾಲರ್ ಬಹುಮಾನ ಎಂದು ಘೋಷಿಸಿತ್ತು. ವಾಸಿಯಾಗಲಿಲ್ಲ ಎಂದು ಸಾಬೀತು ಮಾಡುವವರು ಯಾರು, ಒಪ್ಪುವವರು ಯಾರು, ಹೇಳಿ.

ಪಕ್ಕದ ಅಂಕಣದ ಬಟ್ಟೆ ಅಂಗಡಿಯನ್ನೂ ಒಮ್ಮೆ ನೋಡಬೇಕು. ಫಿಲಡೆಲ್ಫಿಯಾದ ಜಾನ್ ವಾನಮೇಕರ್‌ನಂಥ ದೊಡ್ಡ ಅಂಗಡಿಯವರು ಒಂದೇ ಬೆಲೆ, ಚೌಕಾಸಿ ಇಲ್ಲ, ಇಷ್ಟವಾಗದಿದ್ದರೆ ದುಡ್ಡು ವಾಪಸ್ ಎಂಬ ಪದ್ಧತಿ ಗಟ್ಟಿ ಮಾಡಿದರು. ಅವರ ಜಾಹೀರಾತೂ ದಿನಾ ಬರುತ್ತಿತ್ತು. ಆದರೆ ಕೋಟು ಹರಿದರೆ ಗಿರಾಕಿ ಅದನ್ನು ಹಿಡಿದುಕೊಂಡು ಅಂಗಡಿಗೇ ಬರುತ್ತಾನೆ. ಹೀಗಾಗಿ ಅಂಗಡಿಯ ಜಾಹೀರಾತು ಹೆಚ್ಚು ಬುರುಡೆ ಬಿಡುವ ಹಾಗಿರಲಿಲ್ಲ. ಸಾವಿರ ಮೈಲಿ ದೂರದ ಬಾಟಲಿಗೆ ಆ ಭಯವಿಲ್ಲ. ಅಂಚೆಯಲ್ಲಿ ಸಾಮಾನು ಕಳಿಸುವ ಸಿಯರ್ಸ್ ರೋಬಕ್‌ನಂಥ ಕಂಪನಿಯ ದಪ್ಪ ಕೆಟಲಾಗಿನಲ್ಲಿ ನೇಗಿಲು, ಹೊಲಿಗೆ ಯಂತ್ರದ ಜೊತೆಗೆ ಔಷಧಿಯ ಪುಟಗಳೂ ಇದ್ದವು. 1902ರ ಕೆಟಲಾಗಿನಲ್ಲಿ ಗಂಡಸರ ದೌರ್ಬಲ್ಯಕ್ಕೆಂದು ಸೊಂಟಕ್ಕೆ ಕಟ್ಟುವ ವಿದ್ಯುತ್ ಬೆಲ್ಟ್ ಇತ್ತು. ಬೆಲೆ 18 ಡಾಲರ್. ನಾಚಿಕೆಯ ವಸ್ತುವಿಗೆ ಅಂಚೆಗಿಂತ ಒಳ್ಳೆಯ ಅಂಗಡಿ ಯಾವುದಿದೆ?

ಇಷ್ಟೆಲ್ಲ ನಡೆಯುವಾಗ ಪತ್ರಿಕೆಗಳು ಏನು ಮಾಡುತ್ತಿದ್ದವು? ಒಂದೆರಡು ಸೆಂಟಿಗೆ ಮಾರುವ ಪತ್ರಿಕೆಗೆ ಕಾಗದದ ಖರ್ಚೂ ಹುಟ್ಟುವುದಿಲ್ಲ. ಊರಿನ ಅಂಗಡಿಗಳು ಕೊಡುವುದು ಅಷ್ಟಕ್ಕಷ್ಟೆ, ಅದೂ ಕೆಲವೊಮ್ಮೆ ಸಾಲ, ಕೆಲವೊಮ್ಮೆ ಕಟ್ಟಿಗೆ, ಆಲೂಗಡ್ಡೆಯ ರೂಪದಲ್ಲಿ. ಔಷಧಿ ಕಂಪನಿ ಮಾತ್ರ ಇಡೀ ವರ್ಷದ ಕರಾರು ಮಾಡಿಕೊಂಡು ನಗದು ಕೊಡುತ್ತಿತ್ತು. ಹಳ್ಳಿಗಾಡಿನ ವಾರಪತ್ರಿಕೆಗಳಿಗೆ ಒಂದು ಮಗ್ಗುಲು ಮೊದಲೇ ಅಚ್ಚಾದ ಕಾಗದ ಷಿಕಾಗೋದಂಥ ಊರಿನಿಂದ ಬರುತ್ತಿತ್ತು. ಕಥೆ, ಅಡುಗೆ, ದೇಶದ ಸುದ್ದಿ, ನಡುನಡುವೆ ಔಷಧಿ ಜಾಹೀರಾತು. ಸಂಪಾದಕ ಇನ್ನೊಂದು ಮಗ್ಗುಲಿಗೆ ಊರಿನ ಸುದ್ದಿ ಹಾಕಿದರೆ ಪತ್ರಿಕೆ ಸಿದ್ಧ.

ಈ ಕರಾರಿನಲ್ಲೇ ಒಂದು ಮುಳ್ಳಿತ್ತು. ಹಾಲ್ಸ್ ಕಟಾರ್ ಕ್ಯೂರ್‌ನ ಒಡೆಯ ಫ್ರಾಂಕ್ ಚೀನಿ ಯೋಚಿಸಿ ತಂದದ್ದು ಅದು. ಕರಾರುಪತ್ರದಲ್ಲಿ ಕೆಂಪು ಅಕ್ಷರದಲ್ಲಿ ಒಂದು ಷರತ್ತು. ನಿಮ್ಮ ರಾಜ್ಯದಲ್ಲಿ ಇಂಥ ಔಷಧಿಗಳ ತಯಾರಿಕೆ ಅಥವಾ ಮಾರಾಟವನ್ನು ತಡೆಯುವ ಕಾನೂನು ಬಂದರೆ ಈ ಕರಾರು ರದ್ದು. ಅಷ್ಟೇ. ಇದನ್ನು ಬರೆಯಿರಿ, ಅದನ್ನು ಬರೆಯಬೇಡಿ ಎಂದು ಎಲ್ಲೂ ಇಲ್ಲ. ಲಂಚವೂ ಇಲ್ಲ, ಬೆದರಿಕೆಯೂ ಇಲ್ಲ. ಮಸೂದೆ ಮಂಡನೆಯಾದ ದಿನ ಸಂಪಾದಕ ತಾನೇ ತನ್ನ ಊರಿನ ಶಾಸಕನನ್ನು ಹುಡುಕಿಕೊಂಡು ಹೋಗುತ್ತಿದ್ದ. ಚೀನಿ ಇದನ್ನು ತನ್ನ ವ್ಯಾಪಾರಿಗಳ ಸಂಘದಲ್ಲಿ ಹೆಮ್ಮೆಯಿಂದ ಹೇಳಿಕೊಂಡ, ಉಳಿದವರೂ ಕಲಿತರು. ಇಡೀ ಕಥೆಯಲ್ಲಿ ನನಗೆ ದಿಗಿಲಾಗುವುದು ಮಾರ್ಫಿನ್ ಸಿರಪ್ ಬಿಟ್ಟರೆ ಈ ಕೆಂಪು ಸಾಲನ್ನು ನೋಡಿದಾಗಲೇ. 1905ರಲ್ಲಿ ಮಸಾಚುಸೆಟ್ಸ್ ಶಾಸನಸಭೆಯಲ್ಲಿ ಔಷಧಿಯ ಲೇಬಲ್ ಬಗ್ಗೆ ಜೋರು ಚರ್ಚೆ ನಡೆದಾಗ ಆ ರಾಜ್ಯದಲ್ಲಿ ಅದನ್ನು ವರದಿ ಮಾಡಿದ್ದು 'ಸ್ಪ್ರಿಂಗ್‌ಫೀಲ್ಡ್ ರಿಪಬ್ಲಿಕನ್' ಒಂದೇ ಎಂದು ಮಾರ್ಕ್ ಸಲಿವನ್ ಎಂಬ ಪತ್ರಕರ್ತ ಬರೆದಿದ್ದಾನೆ.

ಆ ಬರಹ ಬಂದದ್ದು 'ಕೊಲಿಯರ್ಸ್' ವಾರಪತ್ರಿಕೆಯಲ್ಲಿ, 1905ರ ನವೆಂಬರ್ 4ರಂದು. ಅದಕ್ಕೆ ಒಂದು ತಿಂಗಳ ಮೊದಲು, ಅಕ್ಟೋಬರ್ 7ರಂದು, ಅದೇ ಪತ್ರಿಕೆಯಲ್ಲಿ ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಆಡಮ್ಸ್ ತನ್ನ ಲೇಖನಮಾಲೆ ಶುರುಮಾಡಿದ್ದ. ಔಷಧಿಗಳನ್ನು ಕೊಂಡು ಪರೀಕ್ಷೆ ಮಾಡಿಸಿ, ಪ್ರಮಾಣಪತ್ರ ಕೊಟ್ಟವರನ್ನು ಹುಡುಕಿ, ಹೆಸರು ಹಿಡಿದು ಬರೆದ. ಅಮೆರಿಕದ ಜನ ಆ ವರ್ಷ ಈ ಬಾಟಲಿಗಳಿಗೆ ಸುಮಾರು 7.5 ಕೋಟಿ ಡಾಲರ್ ಸುರಿಯುತ್ತಾರೆ ಎಂಬುದು ಅವನ ಅಂದಾಜು. ಹಾಗಾದರೆ ಪತ್ರಿಕೆಗಳೆಲ್ಲ ಕೆಟ್ಟವು ಎನ್ನುವ ಹಾಗೂ ಇಲ್ಲ. ಬಾಕ್‌ನ ಮಾಸಪತ್ರಿಕೆ 1892ರಿಂದಲೇ ಔಷಧಿ ಜಾಹೀರಾತು ನಿಲ್ಲಿಸಿತ್ತು. ನೋಡಬೇಕಾದ ಸೂಕ್ಷ್ಮ ಏನೆಂದರೆ, ಬಯಲಿಗೆ ಎಳೆದವು ಈ ದುಡ್ಡಿನ ಹಂಗಿಲ್ಲದ ನಿಯತಕಾಲಿಕೆಗಳು. ದಿನಪತ್ರಿಕೆಗಳಲ್ಲ.

1906ರ ಜೂನ್ 30ರಂದು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಆಹಾರ ಮತ್ತು ಔಷಧಿ ಕಾನೂನಿಗೆ ಸಹಿ ಹಾಕಿದರು. ಆಲ್ಕೋಹಾಲ್, ಮಾರ್ಫಿನ್, ಅಫೀಮು, ಕೊಕೇನ್, ಹೆರಾಯಿನ್ ಮುಂತಾದವು ಇದ್ದರೆ ಎಷ್ಟಿದೆ ಎಂದು ಲೇಬಲ್ ಮೇಲೆ ಬರೆಯಬೇಕು. ಹಾಕಬಾರದು ಎಂದಲ್ಲ, ಹೇಳಬೇಕು ಅಷ್ಟೇ. ಇಷ್ಟಕ್ಕೇ ಎಷ್ಟೋ ತಾಯಂದಿರು ಸಿರಪ್ ಕೆಳಗಿಟ್ಟರು. ಕಂಪನಿಗಳು ಸುಮ್ನೆ ಕೂರಲಿಲ್ಲ. 1906ರ ಕಾನೂನಿನಡಿ ಖಾತರಿ ಎಂದು ಲೇಬಲ್ ಮೇಲೆ ಅಚ್ಚು ಹಾಕಿದವು. ಖಾತರಿ ಕೊಡುತ್ತಿದ್ದವನು ತಯಾರಕ, ಓದಿದವನಿಗೆ ಕಾಣುತ್ತಿದ್ದುದು ಸರ್ಕಾರ. ಇಂಗ್ಲೆಂಡಿನ ಚೀಟಿಯದೇ ಕಥೆ.

ಆ ಕಾನೂನಿನಲ್ಲಿ ಎರಡು ತೂತುಗಳಿದ್ದವು. ಒಬ್ಬ ಡಾಕ್ಟರ್ ಜಾನ್ಸನ್ ಕ್ಯಾನ್ಸರ್ ವಾಸಿಮಾಡುತ್ತೇನೆ ಎಂದು ಮಾರುತ್ತಿದ್ದ ಔಷಧಿಯ ಮೊಕದ್ದಮೆ 1911ರಲ್ಲಿ ಸುಪ್ರೀಂ ಕೋರ್ಟ್ ಮುಟ್ಟಿತು. ಒಳಗಿನ ಪದಾರ್ಥದ ಬಗ್ಗೆ ಸುಳ್ಳು ಹೇಳಿದರೆ ತಪ್ಪು, ವಾಸಿಯಾಗುತ್ತದೆ ಎಂದು ಸುಳ್ಳು ಹೇಳಿದರೆ ಈ ಕಾನೂನಿನಲ್ಲಿ ತಪ್ಪಲ್ಲ ಎಂದಿತು ಕೋರ್ಟು. ಮರುವರ್ಷ ತಿದ್ದುಪಡಿ ಬಂತು, ಆದರೆ ಮೋಸದ ಉದ್ದೇಶ ಇತ್ತೆಂದು ಸರ್ಕಾರವೇ ತೋರಿಸಬೇಕು. ನನಗೆ ನಂಬಿಕೆ ಇತ್ತು ಸ್ವಾಮಿ ಎಂದರೆ ಮುಗಿಯಿತು. ಎರಡನೇ ತೂತು ಇನ್ನೂ ದೊಡ್ಡದು. ಕಾನೂನು ಲೇಬಲ್‌ಗೆ ಮಾತ್ರ, ಪತ್ರಿಕೆಯ ಜಾಹೀರಾತಿಗಲ್ಲ. ಬಾಟಲಿಯ ಮೇಲೆ ತಗ್ಗಿಸಿ ಬರೆದದ್ದನ್ನು ಪತ್ರಿಕೆಯಲ್ಲಿ ಗಂಟಲು ಹರಿಯುವ ಹಾಗೆ ಕೂಗಬಹುದಿತ್ತು. ಅದು 1938ರವರೆಗೂ ಹಾಗೇ ಇತ್ತು.

ಶಿಕ್ಷೆಯ ಗಾತ್ರವನ್ನೂ ಹೇಳಿಬಿಡುತ್ತೇನೆ. ಕ್ಲಾರ್ಕ್ ಸ್ಟಾನ್ಲಿ ಎಂಬಾತ ಕೌಬಾಯ್ ವೇಷದಲ್ಲಿ ಹಾವಿನೆಣ್ಣೆ ಮಾರಿ ಹೆಸರು ಮಾಡಿದ್ದ. ಸರ್ಕಾರ ಪರೀಕ್ಷಿಸಿದಾಗ ಸಿಕ್ಕಿದ್ದು ಖನಿಜ ತೈಲ, ಸ್ವಲ್ಪ ದನದ ಕೊಬ್ಬು, ಮೆಣಸಿನಕಾಯಿಯ ಖಾರ. ಹಾವು ಆ ಕಡೆ ಸುಳಿದೇ ಇರಲಿಲ್ಲ. ದಂಡ 20 ಡಾಲರ್. ಇಂದಿಗೂ ಅಮೆರಿಕದಲ್ಲಿ ಬುರುಡೆ ಮಾಲಿಗೆ ಹಾವಿನೆಣ್ಣೆ ಎನ್ನುತ್ತಾರೆ. ಅದೇ ಹೊತ್ತಿಗೆ ಟೆನೆಸಿಯ ಒಂದು ಕಂಪನಿಯ ವೈನ್ ಆಫ್ ಕಾರ್ಡುಯಿ ಎಂಬ ಸ್ತ್ರೀಯರ ಔಷಧಿಯನ್ನು ವೈದ್ಯರ ಸಂಘದ ಪತ್ರಿಕೆ ಮೋಸ ಎಂದು ಬರೆದಿತ್ತು. ಕಂಪನಿ ಮಾನನಷ್ಟ ಮೊಕದ್ದಮೆ ಹೂಡಿತು. 1916ರಲ್ಲಿ ಜ್ಯೂರಿ ಕಂಪನಿಯನ್ನು ಗೆಲ್ಲಿಸಿತು, ಪರಿಹಾರ ಒಂದು ಸೆಂಟ್.

ಇಂಗ್ಲೆಂಡಿನ ದಿನಪತ್ರಿಕೆಗಳೂ ಅಮೆರಿಕದವುಗಳಿಗಿಂತ ಮೇಲೇನಿರಲಿಲ್ಲ. ವೈದ್ಯರ ಸಂಘದ ಆ ಪುಸ್ತಕದ ಜಾಹೀರಾತು ಹಾಕಲು ಹಲವು ಪತ್ರಿಕೆಗಳು ಒಪ್ಪಲೇ ಇಲ್ಲ. ಕಡೆಗೆ ಸಂಸತ್ತು ಸಮಿತಿ ಮಾಡಿತು, ಅದು ಎರಡು ವರ್ಷ ಸಾಕ್ಷಿ ಕೇಳಿ ಖಾರವಾದ ವರದಿ ಬರೆಯಿತು. ವರದಿ ಹೊರಬಂದ ದಿನ 1914ರ ಆಗಸ್ಟ್ 4. ಅದೇ ದಿನ ಬ್ರಿಟನ್ ಮೊದಲ ಮಹಾಯುದ್ಧಕ್ಕೆ ಇಳಿಯಿತು. ವರದಿಯನ್ನು ಯಾರು ಓದುತ್ತಾರೆ!

ಈ ಬಾಟಲಿಗಳು ಹಡಗು ಹತ್ತಿ ನಮ್ಮ ಕಡೆಗೂ ಬಂದವು. ಇಲ್ಲಿ ಅವಕ್ಕೆ ದಾರಿ ಮಾಡಿದ್ದು ವಿ.ಪಿ.ಪಿ., ಅಂದರೆ ವ್ಯಾಲ್ಯೂ ಪೇಯಬಲ್ ಪೋಸ್ಟ್. 1877ರಲ್ಲಿ ಭಾರತದ ಅಂಚೆ ಇಲಾಖೆ ಈ ಪದ್ಧತಿ ತಂದಿತು. ಒಂದು ಕಾರ್ಡು ಬರೆದು ಹಾಕಿದರೆ ಸಾಕು, ಅಂಚೆಯವನು ಪಾರ್ಸೆಲ್ ತರುತ್ತಾನೆ, ಅವನ ಕೈಗೆ ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕು. ಇಂದಿನ ಕ್ಯಾಶ್ ಆನ್ ಡೆಲಿವರಿಯ ಅಜ್ಜ ಅದು. ವಿ.ಪಿ.ಯಲ್ಲಿ ತರಿಸಿದ್ದು ಎಂದು ಹೇಳುವ ಹಿರಿಯರು ನಿಮ್ಮ ಮನೆಯಲ್ಲೂ ಇದ್ದಾರು. ಅಂಗಡಿಯೇ ಇಲ್ಲದ ಹಳ್ಳಿಗೆ ಪುಸ್ತಕ, ಗಡಿಯಾರ, ಕೂದಲೆಣ್ಣೆ, ಲೇಹ್ಯ ಎಲ್ಲ ಬಂದದ್ದು ಹೀಗೆ. ಆದರೆ ಒಂದು ತೊಂದರೆ ಇತ್ತು. ಬಿಚ್ಚಿ ನೋಡುವ ಮೊದಲೇ ದುಡ್ಡು ಕೊಟ್ಟಾಗಿರುತ್ತಿತ್ತು.

ನಮ್ಮಲ್ಲಿ ಇದೇ ಜಾಹೀರಾತಿನ ವಿದ್ಯೆಯನ್ನು ಬೇರೆ ಥರ ಬಳಸಿದವರೂ ಇದ್ದರು. ಕಾಶೀನಾಥುನಿ ನಾಗೇಶ್ವರ ರಾವ್ ಎಂಬ ತೆಲುಗು ಮನುಷ್ಯ 1893ರಲ್ಲಿ ಮುಂಬಯಿಯಲ್ಲಿ ಅಮೃತಾಂಜನ ಶುರುಮಾಡಿದರು. ತಲೆನೋವಿಗೆ ಹಚ್ಚುವ ಹಳದಿ ಮುಲಾಮು. ಸಂಗೀತ ಸಭೆಗಳಲ್ಲಿ ಪುಕ್ಕಟೆಯಾಗಿ ಹಂಚಿ ರೂಢಿ ಮಾಡಿಸಿದರು ಎನ್ನುತ್ತಾರೆ. ಇದು ಅಳಲೆಕಾಯಿ ಪಂಡಿತರ ಸಾಲಿಗೆ ಸೇರುವುದಲ್ಲ. ಕ್ಷಯ ಹೋಗಿಸುತ್ತೇನೆ ಎನ್ನುವುದಕ್ಕೂ, ಹಣೆಗೆ ಹಚ್ಚಿದರೆ ತಂಪಾಗುತ್ತದೆ ಎನ್ನುವುದಕ್ಕೂ ಬಹಳ ಅಂತರ ಇದೆ. ಅಮೆರಿಕದಲ್ಲಿ ಔಷಧಿ ಕಂಪನಿಗಳು ಪತ್ರಿಕೆಗಳ ಬಾಯಿ ಕಟ್ಟಿದವು. ಇವರು ಮುಲಾಮಿನ ಲಾಭದಲ್ಲಿ ತಾವೇ ಒಂದು ಪತ್ರಿಕೆಗೆ ಬಾಯಿ ಕೊಟ್ಟರು. 1908ರಲ್ಲಿ ಮುಂಬಯಿಯಿಂದ ವಾರಪತ್ರಿಕೆಯಾಗಿ ಹೊರಟ 'ಆಂಧ್ರ ಪತ್ರಿಕ' 1914ರಲ್ಲಿ ಮದ್ರಾಸಿನಿಂದ ದಿನಪತ್ರಿಕೆಯಾಯಿತು, ಸ್ವಾತಂತ್ರ್ಯ ಹೋರಾಟದ ಪತ್ರಿಕೆಯಾಯಿತು. ಇನ್ನೊಂದು ತುದಿಯಲ್ಲಿ ಗಾಂಧೀಜಿ. ಅವರ 'ಯಂಗ್ ಇಂಡಿಯಾ', 'ನವಜೀವನ' ಜಾಹೀರಾತನ್ನೇ ತೆಗೆದುಕೊಳ್ಳುತ್ತಿರಲಿಲ್ಲ.

ಕಾನೂನು ನಮ್ಮಲ್ಲಿ ನಿಧಾನವಾಗಿ ಬಂತು. 1930ರಲ್ಲಿ ಕರ್ನಲ್ ರಾಮನಾಥ ಚೋಪ್ರಾ ಅವರ ಸಮಿತಿ, 1940ರಲ್ಲಿ ಔಷಧಿಗಳ ಕಾಯ್ದೆ. ಜಾಹೀರಾತಿಗೆಂದೇ ಕಾನೂನು ಆದದ್ದು 1954ರಲ್ಲಿ. ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಎಂದು ಅದರ ಹೆಸರು. ಅದರ ಕೊನೆಯಲ್ಲಿ 54 ಕಾಯಿಲೆ ಮತ್ತು ತೊಂದರೆಗಳ ಪಟ್ಟಿ ಇದೆ. ಕ್ಯಾನ್ಸರ್, ಸಕ್ಕರೆ ಕಾಯಿಲೆ, ಪಾರ್ಶ್ವವಾಯು, ತೊನ್ನು, ಬೊಜ್ಜು, ಗಂಡಸರ ದೌರ್ಬಲ್ಯ, ಎತ್ತರ ಬೆಳೆಯುವುದೂ ಸೇರಿದೆ. ಇವನ್ನು ವಾಸಿಮಾಡುತ್ತೇವೆ ಎಂದು ಜನರಿಗೆ ಜಾಹೀರಾತು ಕೊಡುವ ಹಾಗಿಲ್ಲ. ಯುನಾನಿ ಔಷಧಿ ತಯಾರಿಸುವ ಹಮ್ದರ್ದ್ ದವಾಖಾನೆಯವರು ಇದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟಿಗೆ ಹೋದರು. ಸರಕು ಮಾರುವ ಇಂಥ ಜಾಹೀರಾತು ವಿಚಾರ ಹೇಳುವ ಮಾತಲ್ಲ, ವ್ಯಾಪಾರ ಎಂದು 1959ರ ಡಿಸೆಂಬರಿನಲ್ಲಿ ಕೋರ್ಟು ಹೇಳಿತು. ಕಾಯ್ದೆಯ ಕೆಲವು ತುಂಡುಗಳನ್ನು ಹೊಡೆದುಹಾಕಿ ಉಳಿದದ್ದನ್ನು ಉಳಿಸಿತು.

ಈ ಕಾಯ್ದೆಯಲ್ಲಿ ನಾನು ಎರಡೆರಡು ಸಲ ಓದಿದ್ದು ಅದರ ವ್ಯಾಖ್ಯೆಗಳ ಭಾಗ. 1906ರ ಅಮೆರಿಕದ ಕಾನೂನು ಲೇಬಲ್‌ಗೆ ನಿಂತಿತ್ತು, ಪತ್ರಿಕೆಯನ್ನು ಮುಟ್ಟಲಿಲ್ಲ. ನಮ್ಮದು ಜಾಹೀರಾತಿನಲ್ಲಿ ಪಾಲುಗೊಳ್ಳುವುದು ಎಂದರೆ ಅದನ್ನು ಅಚ್ಚು ಹಾಕುವುದೂ ಸೇರಿ ಎಂದು ಬರೆಯಿತು. ಮೊದಲ ತಪ್ಪಿಗೆ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಅಥವಾ ಎರಡೂ. ಜಾಹೀರಾತು ಎಂದರೆ ಏನು ಎಂಬುದಕ್ಕೆ ನೋಟಿಸು, ಸುತ್ತೋಲೆ, ಲೇಬಲ್, ಹೊದಿಕೆ, ಬಾಯಲ್ಲಿ ಕೂಗುವುದು, ಬೆಳಕು, ಶಬ್ದ ಎಲ್ಲವನ್ನೂ ಸೇರಿಸಿ, ಕೊನೆಗೆ ಹೊಗೆಯನ್ನೂ ಸೇರಿಸಿದೆ. ಯಾರೋ ಒಬ್ಬ ಅಧಿಕಾರಿ ಕೂತು, ಈ ಪಂಡಿತರು ಇನ್ನು ಯಾವ ಕಿಂಡಿಯಲ್ಲಿ ನುಸುಳಬಹುದು ಎಂದು ಯೋಚಿಸಿ, ಹೊಗೆ ಎಂದು ಬರೆದಿರಬೇಕು.